ತೊಗರಿ ಬೇರು, ಶಹಾಬಾದ್ ಪರಸಿ, ಎಡವಿದ ಕಥೆ: ನಮ್ಮ ರವಿವಾರದ ಮಕ್ಕಳ ಕೂಟದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯಲ್ಲಿ ತಿಂಗಳಿಗೆ ಎರಡು ರವಿವಾರ ನಾವು ಮಕ್ಕಳನ್ನು ಕೂಡಿಸುತ್ತೇವೆ. ವಿಶ್ವವಿದ್ಯಾಲಯಗಳಲ್ಲಿ ಸಂಶೋಧನೆ ಮಾಡುತ್ತಿರುವ ಒಬ್ಬರನ್ನೋ ಇಬ್ಬರನ್ನೋ ಕರೆಸಿ, ಅವರು ಮಾಡುವ ಕೆಲಸದ ಒಂದು ತುಣುಕನ್ನು ಮಕ್ಕಳ ಕೈಯಿಂದಲೇ ಮಾಡಿಸಿ, ಅದರ ಕಥೆಯನ್ನು ಮಕ್ಕಳಿಂದಲೇ ಹೇಳಿಸುತ್ತೇವೆ. ನಡೆಸುವವರು ನಾಲ್ಕೈದು ಜನ ಶಾಲಾ ಶಿಕ್ಷಕರು ಮತ್ತು ಕೆಲವು ಸಂಶೋಧನಾ ವಿದ್ಯಾರ್ಥಿಗಳು. ಇದು ಯಾವ ವಿಶ್ವವಿದ್ಯಾಲಯದ ಅಧಿಕೃತ ಕಾರ್ಯಕ್ರಮವೂ ಅಲ್ಲ. ಫೋನಿನಲ್ಲಿ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ ಆಗಿರುವುದರಿಂದ ಇಲ್ಲಿ ಬರೆದಿಟ್ಟಿದ್ದೇವೆ.

ಇದು ಟ್ಯೂಷನ್ನಾ? ಬಂದರೆ ಮಾರ್ಕ್ಸ್ ಹೆಚ್ಚಾಗುತ್ತಾ?

ಟ್ಯೂಷನ್ ಅಲ್ಲ. ಮಾರ್ಕ್ಸಿನ ಬಗ್ಗೆ ಭರವಸೆ ಕೊಡುವುದಿಲ್ಲ. ಪರೀಕ್ಷೆಯಲ್ಲಿ ಉತ್ತರ ಗೊತ್ತಿರುವ ಪ್ರಶ್ನೆಗಳನ್ನೇ ಕೇಳುತ್ತಾರೆ. ನಮ್ಮಲ್ಲಿ ಬರುವವರು ಉತ್ತರ ಇನ್ನೂ ಸಿಗದ ಪ್ರಶ್ನೆಗಳ ಹಿಂದೆ ಬಿದ್ದವರು. ಎರಡೂ ಬೇಕು, ಆದರೆ ಎರಡೂ ಬೇರೆ ಬೇರೆ.

ಎಷ್ಟನೇ ಕ್ಲಾಸಿನ ಮಕ್ಕಳು ಬರಬಹುದು? ಫೀಸು ಎಷ್ಟು?

ನಾಲ್ಕರಿಂದ ಹತ್ತನೇ ಕ್ಲಾಸಿನವರೆಗೆ. ಫೀಸು ಇಲ್ಲ. ತಮ್ಮ, ತಂಗಿ ಹಟ ಮಾಡಿ ಜೊತೆಗೆ ಬಂದರೆ ವಾಪಸ್ ಕಳಿಸುವುದಿಲ್ಲ; ಆದರೆ ಅವರ ಹಿಂದೆ ಓಡಲು ಮನೆಯಿಂದ ಒಬ್ಬರು ಇರಬೇಕು.

ಎರಡೂವರೆ ಗಂಟೆ ಏನು ಮಾಡಿಸುತ್ತೀರಿ?

ಮೊದಲು ಕೈಗೆ ವಸ್ತು ಬರುತ್ತದೆ. ಸ್ವಾಗತ ಭಾಷಣ, ದೀಪ ಬೆಳಗುವುದು, ಹಾರ ತುರಾಯಿ ಯಾವುದೂ ಇಲ್ಲ. ಕಲ್ಲಿನ ದಿನ ಅಂದುಕೊಳ್ಳಿ: ಪ್ರತಿ ಗುಂಪಿಗೆ ನಾಲ್ಕು ಕಲ್ಲು, ಅರ್ಧ ನಿಂಬೆಹಣ್ಣು, ಒಂದು ಮೊಳೆ, ಒಂದು ಭೂತಗನ್ನಡಿ. ಶಹಾಬಾದ್ ಪರಸಿಯ ತುಂಡು, ಆಳಂದ ಕಡೆಯ ಕರಿಕಲ್ಲು, ಬೀದರಿನ ಕೆಂಪು ಜಂಬಿಟ್ಟಿಗೆ ಮತ್ತು ಯಾದಗಿರಿ ಬೆಟ್ಟದ ಗ್ರಾನೈಟ್. ಮೊಳೆಯಿಂದ ಗೀರಿ ಎದ್ದ ಪುಡಿಯ ಮೇಲೆ ನಿಂಬೆರಸ ಹಿಂಡಬೇಕು. ಮೂರು ಕಲ್ಲು ಸುಮ್ಮನಿರುತ್ತವೆ. ಪರಸಿಯ ಪುಡಿ ಮಾತ್ರ ಸಣ್ಣಗೆ ನೊರೆಯುತ್ತದೆ. ಕಣ್ಣಿಗೆ ಬೀಳುವಷ್ಟು ದೊಡ್ಡ ನೊರೆಯಲ್ಲ, ಭೂತಗನ್ನಡಿ ಹಿಡಿದು ಉಸಿರು ಬಿಗಿಹಿಡಿದು ನೋಡಬೇಕು. ಮನೆಯ ನೆಲಕ್ಕೆಲ್ಲ ಅದೇ ಕಲ್ಲು ಹಾಸಿರುವ ಮಕ್ಕಳು, ಉಪ್ಪಿನಕಾಯಿ ಚೆಲ್ಲಿದ ಕಡೆ ಕಲೆ ಯಾಕೆ ಉಳಿಯುತ್ತದೆ ಅನ್ನುವುದನ್ನು ಆವತ್ತು ತಾವೇ ಕಂಡುಹಿಡಿಯುತ್ತಾರೆ.

ಆಮೇಲೆ ಭೂವಿಜ್ಞಾನ ಓದುತ್ತಿರುವವರು ಬಾಯಿ ತೆರೆಯುತ್ತಾರೆ. ಪರಸಿ ಅಂದರೆ ಸುಣ್ಣದಕಲ್ಲು, ಅದು ಹುಟ್ಟಿದ್ದು ಸಮುದ್ರದ ತಳದಲ್ಲಿ. ಸೇಡಂ, ವಾಡಿ, ಶಹಾಬಾದ್ ಇರುವಲ್ಲಿ ಕೋಟ್ಯಂತರ ವರ್ಷಗಳ ಹಿಂದೆ ನೀರು ನಿಂತಿತ್ತು. ಕರಿಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲ ಬಿರಿದು ಹರಿದ ಲಾವಾ. ಅದೇ ಕರಿಕಲ್ಲು ಮಳೆ ಬಿಸಿಲಿಗೆ ಕೊಳೆತು, ಕರಗುವುದೆಲ್ಲ ಕರಗಿಹೋಗಿ, ಕಬ್ಬಿಣದ ಅಂಶ ಉಳಿದದ್ದು ಬೀದರಿನ ಕೆಂಪುಕಲ್ಲು. ಯಾದಗಿರಿಯ ಗ್ರಾನೈಟ್ ಇವೆಲ್ಲಕ್ಕೂ ಮುತ್ಯಾ, ಅಂದರೆ ಅಜ್ಜ, ಸುಮಾರು 250 ಕೋಟಿ ವರ್ಷದ್ದು. ಇಷ್ಟಾದ ಮೇಲೆ ಮಕ್ಕಳು ಸುತ್ತ ಕೂತು ಒಂದು ಕಲ್ಲಿನ ಬಾಯಲ್ಲಿ ಕಥೆ ಕಟ್ಟುತ್ತಾರೆ. "ನಾ ಮೊದಲ ಕೆಸರ ಇದ್ದೆ" ಅಂತ ಶುರುವಾದ ಪರಸಿಯ ಕಥೆ ಒಬ್ಬಳು ಹುಡುಗಿಯ ಅಡುಗೆಮನೆಯಲ್ಲಿ ಬಂದು ಮುಗಿದಿತ್ತು. ಅವರ ಅವ್ವ ಅದರ ಮೇಲೆ ಕೂತು ರೊಟ್ಟಿ ಬಡಿಯುತ್ತಿದ್ದಳು.

ಸಂಶೋಧನೆ ಅನ್ನುವ ದೊಡ್ಡ ಮಾತು ಏಳನೇ ಕ್ಲಾಸಿನ ಮಗುವಿಗೆ ತಿಳಿಯುತ್ತಾ?

ಮಾತಿನಲ್ಲಿ ಹೇಳಿದರೆ ತಿಳಿಯುವುದಿಲ್ಲ. ಅದಕ್ಕೆ ತೊಗರಿ ಬೇಕು.

ಆಗಸ್ಟ್ ಕೊನೆ ಅಥವಾ ಸೆಪ್ಟೆಂಬರಿನಲ್ಲಿ, ಗಿಡ ಇನ್ನೂ ಹೂ ಬಿಡುವ ಮುಂಚೆ, ಹೊಲದ ಯಜಮಾನರನ್ನು ಕೇಳಿ ಏಳೆಂಟು ತೊಗರಿ ಗಿಡಗಳನ್ನು ಮಣ್ಣುಸಮೇತ ಅಗೆದು ತರುತ್ತೇವೆ. ಕಿತ್ತರೆ ಬೇರು ಹರಿದು ಗಂಟುಗಳು ನೆಲದಲ್ಲೇ ಉಳಿಯುತ್ತವೆ. ಇದನ್ನು ಮೊದಲ ಸಲ ಮಾಡಿದಾಗ ನಾವೇ ಕಲಿತೆವು. ಹದಿನೈದು ಬೋಳು ಬೇರು ಹಿಡಿದುಕೊಂಡು ಮಕ್ಕಳ ಮುಂದೆ ನಿಂತದ್ದು ಇನ್ನೂ ನೆನಪಿದೆ. ಈಗ ಯರಿ (ಕಪ್ಪು) ಮಣ್ಣಿನ ಹೆಂಟೆಯನ್ನು ಹಾಗೇ ಬಕೆಟ್ ನೀರಿನಲ್ಲಿ ಇಳಿಬಿಟ್ಟು ಅರ್ಧ ತಾಸು ನೆನೆಸುತ್ತೇವೆ. ಮಣ್ಣು ತಾನೇ ಬಿಟ್ಟುಕೊಡುತ್ತದೆ. ಬೇರಿನ ಮೇಲೆ ಸಾಸಿವೆ, ಜೋಳದ ಗಾತ್ರದ ಗಂಟುಗಳು ಕಾಣುತ್ತವೆ. ಒಂದನ್ನು ಉಗುರಿನಿಂದ ಒಡೆದರೆ ಒಳಗೆ ನಸುಗೆಂಪು.

"ಸರ್, ಇದರಾಗ ರಕ್ತ ಅದ ಏನ್ರಿ?" ಅಂತ ಒಬ್ಬಾಕೆ ಕೇಳಿದಳು. ಬಂದಿದ್ದ ಸಂಶೋಧಕರು ನಕ್ಕು, "ರಕ್ತ ಅಲ್ಲವ್ವ, ರಕ್ತದ ದಾಯಾದಿ ಅನ್ನು" ಅಂದರು. ಅವರು ಹೇಳಿದ್ದು ತಮಾಷೆಯೂ ಹೌದು, ಖರೆಯೂ ಹೌದು. ನಮ್ಮ ರಕ್ತದ ಹಿಮೋಗ್ಲೋಬಿನ್ನಿನ ಸಂಬಂಧಿಯಾದ ಲೆಗ್‌ಹಿಮೋಗ್ಲೋಬಿನ್ ಆ ಗಂಟಿನೊಳಗಿದೆ. ಅದರಲ್ಲೂ ಕಬ್ಬಿಣವಿದೆ, ಅದೂ ಆಮ್ಲಜನಕವನ್ನು ಹಿಡಿದುಕೊಳ್ಳುತ್ತದೆ. ಗಂಟಿನಲ್ಲಿ ವಾಸ ಮಾಡುವ ರೈಜೋಬಿಯಂ ಜಾತಿಯ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗಿಡಕ್ಕೆ ಉಣಿಸುತ್ತದೆ. ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವೇ ಇದ್ದರೂ ಗಿಡ ತಾನಾಗಿ ಅದನ್ನು ತಿನ್ನಲಾರದು. ಒಳಗೆ ಕೆಂಪಿದ್ದರೆ ಗಂಟು ಕೆಲಸದಲ್ಲಿದೆ. ಹಸಿರು, ಕಂದು ಬಣ್ಣಕ್ಕೆ ತಿರುಗಿದ್ದರೆ ಕೆಲಸ ಮುಗಿದಿದೆ. ಮಕ್ಕಳು ಗಂಟು ಒಡೆದು ಒಡೆದು ಕೆಂಪು ಎಷ್ಟು, ಕಂದು ಎಷ್ಟು ಅಂತ ಎಣಿಸಿ ಹಲಗೆಯ ಮೇಲೆ ಬರೆಯುತ್ತಾರೆ.

ಇಲ್ಲಿಯವರೆಗಿನದು ಪಾಠ. ಸಂಶೋಧನೆ ಶುರುವಾಗುವುದು ಮುಂದಿನ ಮಾತಿನಿಂದ. ನೆಟೆ ರೋಗ ಬಂದು ನಿಂತಲ್ಲೇ ಒಣಗಿದ ಗಿಡವನ್ನು ಪಕ್ಕದಲ್ಲಿಡುತ್ತೇವೆ. ಕಾಂಡ ಸೀಳಿದರೆ ಕಪ್ಪು ಗೆರೆಗಳು. ಮಣ್ಣಿನಲ್ಲಿ ವರ್ಷಗಟ್ಟಲೆ ಕಾಯುತ್ತ ಕೂರುವ ಫ್ಯುಸೇರಿಯಂ ಎಂಬ ಶಿಲೀಂಧ್ರದ ಕೆಲಸ ಅದು. ಗಿಡದ ನೀರಿನ ನಾಳವನ್ನೇ ಕಟ್ಟಿಬಿಡುತ್ತದೆ. ಈ ಮಕ್ಕಳಲ್ಲಿ ಅರ್ಧಕ್ಕರ್ಧ ತಮ್ಮ ಹೊಲದಲ್ಲೇ ಇದನ್ನು ನೋಡಿದವರು. "ನಮ್ಮ ಕಾಕಾನ ಹೊಲದಾಗ ಹೋತು, ಬಾಜೂ ಹೊಲದಾಗ ಹೋಗಲಿಲ್ಲ. ಯಾಕ?" ಅಂತ ಒಬ್ಬ ಕೇಳಿದ. ಸಂಶೋಧಕರು ಉತ್ತರ ಕೊಡಲಿಲ್ಲ, ತಿರುಗಿ ಕೇಳಿದರು: ಬೀಜ ಯಾವುದು? ಹೋದ ವರ್ಷ ಆ ಹೊಲದಲ್ಲಿ ಏನಿತ್ತು? ನೀರು ನಿಲ್ಲುತ್ತದಾ? ನಡುವೆ ಜೋಳದ ಸಾಲು ಇತ್ತಾ? ತೊಗರಿಯೊಳಗೆ ಜೋಳ ಹಾಕಿದರೆ ನೆಟೆ ಕಡಿಮೆಯಾಗುವುದು ಪ್ರಯೋಗಗಳಲ್ಲಿ ಕಂಡಿದೆ. ಹುಡುಗ ಮುಂದಿನ ಕೂಟಕ್ಕೆ ನಾಲ್ಕಕ್ಕೂ ಉತ್ತರ ಬರೆದುಕೊಂಡು, ಐದನೆಯದೊಂದು ಪ್ರಶ್ನೆ ಸೇರಿಸಿಕೊಂಡು ಬಂದ. ಸಂಶೋಧನೆ ಅಂದರೇನು ಅಂತ ಅವನಿಗೆ ಯಾರೂ ಹೇಳಿಕೊಡಲಿಲ್ಲ.

ದೊಡ್ಡ ಮಕ್ಕಳಿಗೆ ಇನ್ನೊಂದು ಮಾತು ಸೇರಿಸುತ್ತೇವೆ. 2011ರಲ್ಲಿ, ಹೈದರಾಬಾದಿನ ಹತ್ತಿರ ಪಟಾನ್‌ಚೆರುವಿನಲ್ಲಿರುವ ಇಕ್ರಿಸ್ಯಾಟ್ ಎಂಬ ಬೆಳೆ ಸಂಶೋಧನಾ ಸಂಸ್ಥೆಯ ನೇತೃತ್ವದಲ್ಲಿ ತೊಗರಿಯ ಜೀನೋಮಿನ, ಅಂದರೆ ಅದರ ಇಡೀ ವಂಶವಾಹಿ ಬರಹದ, ಕರಡನ್ನು ಓದಿ ಹೊರತಂದರು. ಅದಕ್ಕೆ ಆರಿಸಿಕೊಂಡ ತಳಿಯ ಹೆಸರು ಆಶಾ, ಸಿಕ್ಕ ವಂಶವಾಹಿಗಳು 48,680 ಎಂದು ಅಂದಾಜು. ನಮ್ಮ ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ (ಜಿಐ ಟ್ಯಾಗ್) ಮಾನ್ಯತೆ ಸಿಕ್ಕಿತು. ದಿನಾ ಉಣ್ಣುವ ಬ್ಯಾಳಿಗೆ ಇಷ್ಟು ಜನ ತಲೆಕೆಡಿಸಿಕೊಂಡಿದ್ದಾರೆ ಅನ್ನುವುದೇ ಹಲವು ಮಕ್ಕಳಿಗೆ ಸುದ್ದಿ.

ವಿಜ್ಞಾನ ಸರಿ. ಕಥೆ ಯಾಕೆ?

ಸಂಶೋಧನೆಯ ವರದಿಯಲ್ಲಿ ಕೊನೆಗೆ ಸರಿಯಾದದ್ದು ಮಾತ್ರ ಇರುತ್ತದೆ. ಅದಕ್ಕೆ ಮುಂಚಿನ ಮೂರು ವರ್ಷ ಏನು ಕೆಟ್ಟಿತು, ಯಾವ ಬಾಟಲಿ ಒಡೆಯಿತು, ಕರೆಂಟ್ ಹೋಗಿ ಯಾವ ಫ್ರಿಜ್ಜಿನ ಮಾದರಿಗಳೆಲ್ಲ ಹಾಳಾದವು ಅನ್ನುವುದು ಚಹಾ ಕುಡಿಯುವಾಗ ಮಾತ್ರ ಹೊರಬರುತ್ತದೆ. ಮಕ್ಕಳಿಗೆ ಬೇಕಾದದ್ದು ಅದೇ. ಅದಕ್ಕೇ ನಮ್ಮಲ್ಲಿ ಒಂದು ಕಟ್ಟಳೆ: ಬಂದವರು ತಾವು ಎಡವಿದ ಒಂದು ಕಥೆಯನ್ನಾದರೂ ಹೇಳಲೇಬೇಕು. ಹೇಳದಿದ್ದರೆ ಮಕ್ಕಳೇ ಬಿಡುವುದಿಲ್ಲ, "ಎಡವಿದ್ದು ಹೇಳ್ರಿ" ಅಂತ ಕೂಗುತ್ತಾರೆ.

ಇದಕ್ಕೆ ನಮ್ಮ ನೆಲದಲ್ಲೇ ಒಳ್ಳೆಯ ಹಿರಿಯರೊಬ್ಬರಿದ್ದಾರೆ. ಸೇಡಂ ತಾಲ್ಲೂಕಿನ ಮಳಖೇಡ ರಾಷ್ಟ್ರಕೂಟರ ರಾಜಧಾನಿಯಾಗಿದ್ದಾಗ, ಕ್ರಿ.ಶ. 850ರ ಹೊತ್ತಿಗೆ, ಅಮೋಘವರ್ಷ ನೃಪತುಂಗನನ್ನು ಹೊಗಳಿ ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ' ಬರೆದರು. ಅದರಲ್ಲಿ ಲೆಕ್ಕಗಳು ದುಂಬಿ, ಆನೆ, ಹಣ್ಣಿನ ಗುಡ್ಡೆಗಳ ಕಥೆಯಾಗಿ ಬರುತ್ತವೆ. ಅಲ್ಲಿನ ಹಾರದಂಥ ಸಂಖ್ಯೆಗಳನ್ನು ಮಕ್ಕಳಿಂದ ಗುಣಿಸಿಸುತ್ತೇವೆ. 139ನ್ನು 109ರಿಂದ ಗುಣಿಸಿದರೆ 15151, ಎಡದಿಂದ ಓದಿ ಬಲದಿಂದ ಓದಿ ಒಂದೇ. 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳ ಸಾಲು, 11111111. ಹಲಗೆಯ ಮೇಲೆ ಕೂಡಿಸುತ್ತ ಬಂದಾಗ ಒಂದೊಂದೇ ಒಂದು ಮೂಡುವುದನ್ನು ನೋಡಿ ಹಿಂದಿನ ಸಾಲಿನ ಹುಡುಗರು ಬೆಂಚಿನ ಮೇಲೆ ಹತ್ತಿ ನಿಲ್ಲುತ್ತಾರೆ. ಮೊಬೈಲ್ ಕ್ಯಾಲ್ಕುಲೇಟರ್ ಕೊಟ್ಟರೆ ಈ ಮಜಾ ಇರುವುದಿಲ್ಲ.

ಇದೇ ಮಹಾವೀರಾಚಾರ್ಯರು ಋಣ ಸಂಖ್ಯೆಗೆ ವರ್ಗಮೂಲ ಸಿಗದು ಎಂದು ಗುರುತಿಸಿದವರು. ಅವರೇ, ಒಂದು ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಹಾಗೇ ಉಳಿಯುತ್ತದೆ ಎಂದೂ ಬರೆದರು. ಅದು ತಪ್ಪು. ಎಲ್ಲಿ ತಪ್ಪಿತು ಅಂತ ಎಂಟನೇ ಕ್ಲಾಸಿನವರು ಜಗಳವಾಡಿ ಕಂಡುಹಿಡಿಯುತ್ತಾರೆ. ಅಷ್ಟು ದೊಡ್ಡವರೂ ಎಡವಿದ್ದಾರೆ ಅಂದಮೇಲೆ ಮಕ್ಕಳಿಗೆ ಕೈ ಎತ್ತಿ ಮಾತಾಡಲು ಧೈರ್ಯ ಬರುತ್ತದೆ.

ನಾವು ಬೀದರಿನವರು. ಅಲ್ಲಿಗೆ ಬರುತ್ತೀರಾ?

ವರ್ಷಕ್ಕೆ ಎರಡು ಸಲ. ಬೀದರಿನಲ್ಲಿ ಮಕ್ಕಳಿಗೆ ಬಹಳ ಹಿಡಿಸಿದ್ದು ಕರೇಜ್ ಮಾಡುವುದು. ಬಹಮನಿ ಕಾಲದಲ್ಲಿ, 15ನೇ ಶತಮಾನದಲ್ಲಿ, ಪರ್ಷಿಯಾದ ರೀತಿಯಲ್ಲಿ ನೆಲದೊಳಗೆ ಕೊರೆದ ನೀರಿನ ಸುರಂಗಗಳು ನೌಬಾದ್ ಕಡೆ ಈಗಲೂ ಇವೆ. ಮೇಲಿನ ಜಂಬಿಟ್ಟಿಗೆ ಪದರ ಮಳೆನೀರನ್ನು ಹೀರುತ್ತದೆ, ಕೆಳಗಿನ ಗಟ್ಟಿ ಪದರ ತಡೆಯುತ್ತದೆ, ಎರಡರ ನಡುವೆ ನೀರು ಓಡುತ್ತದೆ. ಅಲ್ಲಲ್ಲಿ ಬಾವಿಯಂಥ ಗಾಳಿಕಿಂಡಿಗಳು. ಪಂಪು ಬೇಡ, ಕರೆಂಟು ಬೇಡ, ಇಳಿಜಾರು ಸಾಕು.

ಪ್ಲಾಸ್ಟಿಕ್ ಟಬ್ಬಿನಲ್ಲಿ ಕೆಳಗೆ ತಟ್ಟಿದ ಯರಿ ಮಣ್ಣು, ಮೇಲೆ ಮೊರಂ, ನಡುವೆ ಕೊಳವೆಯಂಥ ಸುರಂಗ. ಒಂದು ಕಡೆ ಮಗ್ಗಿನಿಂದ ನೀರು ಹಾಕಿದರೆ ಇನ್ನೊಂದು ಕಡೆ ತೊಟ್ಟಿಕ್ಕಬೇಕು. ಮೊದಲ ಸಲ ನೀರು ಬೇಗ ಬರಲಿ ಅಂತ ಟಬ್ಬಿನ ಒಂದು ತುದಿಗೆ ನಾಲ್ಕು ಇಟ್ಟಿಗೆ ಕೊಟ್ಟೆವು. ನೀರು ಬಂತು, ಸುರಂಗವೂ ಅದರ ಜೊತೆ ಬಂತು. ಕೆಂಪು ಕೆಸರು ತರಗತಿಯ ತುಂಬ ಹರಿಯಿತು. ಒರೆಸಲು ಒಂದು ತಾಸು ಹಿಡಿಯಿತು. ಆ ಶಾಲೆಯ ಸಿಪಾಯಿ ನಮ್ಮ ಜೊತೆ ಈಗಲೂ ಅಷ್ಟಾಗಿ ಮಾತಾಡುವುದಿಲ್ಲ. ಆದರೆ ಒರೆಸುತ್ತಲೇ ಒಬ್ಬ ಹುಡುಗ, "ಇಳಿಜಾರ ಜಾಸ್ತಿ ಆದ್ರ ನೀರು ಮಣ್ಣಿಗಿ ಕೊರೀತದ" ಅಂದ. ನಿಜವಾದ ಕರೇಜುಗಳ ಇಳಿಜಾರು ಕಣ್ಣಿಗೆ ಕಾಣದಷ್ಟು ನವಿರಾಗಿರುವುದು ಇದೇ ಕಾರಣಕ್ಕೆ. ಈಗ ಬೇಕೆಂದೇ ಒಂದು ಟಬ್ಬಿಗೆ ನಾಲ್ಕು ಇಟ್ಟಿಗೆ, ಇನ್ನೊಂದಕ್ಕೆ ಒಂದು ಪುಸ್ತಕದ ದಪ್ಪದಷ್ಟು ಎತ್ತರ ಕೊಡುತ್ತೇವೆ. ಟಬ್ಬುಗಳನ್ನು ಮಾತ್ರ ಅಂಗಳದಲ್ಲೇ ಇಡುತ್ತೇವೆ.

ಬಿದ್ರಿ ಕೆಲಸದ ಬಗ್ಗೆಯೂ ಕೇಳುತ್ತಾರೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿದ ಎರಕದ ಮೇಲೆ ಬೆಳ್ಳಿ ಕೂರಿಸಿ, ಕೋಟೆಯ ಹಳೆಯ ಮಣ್ಣನ್ನು ನವಸಾಗರದ ಜೊತೆ ಕುದಿಸಿ ಅದರಲ್ಲಿ ಅದ್ದಿದರೆ ಎರಕ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಯಾವ ಮಣ್ಣು ಆದೀತು ಅಂತ ಕಸುಬಿನವರು ನಾಲಿಗೆಗೆ ಹಚ್ಚಿ ಹೇಳುತ್ತಾರೆ. ನಾಲಿಗೆಯ ಮೇಲೆ ಬರುವ ಆ ತಿಳಿವಳಿಕೆಯನ್ನು ಪ್ರಯೋಗಾಲಯದ ಉಪಕರಣದಲ್ಲಿ ಅಳೆಯುವುದು ಹೇಗೆ ಎಂಬ ಚರ್ಚೆಗೆ ಒಂದು ಪೂರ್ತಿ ಬೆಳಗ್ಗೆ ಸಾಲುವುದಿಲ್ಲ. ಮಕ್ಕಳಿಗೆ ಮಣ್ಣು ನೆಕ್ಕಲು ಬಿಡುವುದಿಲ್ಲ, ಚಿಂತೆ ಬೇಡ.

ಪಶುವೈದ್ಯಕೀಯ ವಿಶ್ವವಿದ್ಯಾಲಯ ಬೀದರಿನಲ್ಲೇ ಇರುವುದರಿಂದ ದೇವಣಿ ದನಗಳ ಮೇಲೂ ಒಂದು ಕೂಟ ಮಾಡುವ ಆಸೆ ಇದೆ. ಇನ್ನೂ ಆಗಿಲ್ಲ.

ಯಾದಗಿರಿ ಜಿಲ್ಲೆಯ ಮಕ್ಕಳಿಗೆ?

ಹುಣಸಗಿ ಕಣಿವೆಯಂಥ ಜಾಗ ಇಟ್ಟುಕೊಂಡು ನೀವು ನಮ್ಮನ್ನು ಕೇಳುತ್ತೀರಿ! ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು ದಶಕಗಟ್ಟಲೆ ಅಲೆದು ಅಗೆದ ಕಣಿವೆ ಅದು. ಅಲ್ಲಿನ ಇಸಾಂಪುರದಲ್ಲಿ ಆದಿಮಾನವರು ಸುಣ್ಣದಕಲ್ಲಿನ ಚಪ್ಪಡಿಗಳನ್ನು ಒಡೆದು ಕೈಗೊಡಲಿ ಮಾಡುತ್ತಿದ್ದ ಜಾಗವೇ ಸಿಕ್ಕಿದೆ. ಕಾಲ ಸುಮಾರು 12 ಲಕ್ಷ ವರ್ಷಗಳ ಹಿಂದೆ ಎಂದು ಅಂದಾಜಿಸಿದ್ದಾರೆ. ಮಕ್ಕಳಿಗೆ ನಾವು ಕಲ್ಲು ಒಡೆಯಲು ಕೊಡುವುದಿಲ್ಲ, ಚಕ್ಕೆ ಕಣ್ಣಿಗೆ ಹಾರುತ್ತದೆ. ಬದಲಿಗೆ ಬಟ್ಟೆ ಸೋಪು ಮತ್ತು ಚಮಚ. ಸೋಪಿನಿಂದ ಕೈಗೊಡಲಿ ಕೆತ್ತಿ, ಬಿದ್ದ ಚೂರುಗಳನ್ನೆಲ್ಲ ಬಿದ್ದಲ್ಲೇ ಬಿಟ್ಟು, ಗುಂಪು ಗುಂಪು ಜಾಗ ಬದಲಿಸಬೇಕು. ಕೊಡಲಿಯನ್ನು ಬಚ್ಚಿಟ್ಟು ಬರೀ ಚೂರು ನೋಡಿ ಹೇಳಬೇಕು: ಕೆತ್ತಿದವರು ಎಡಗೈಯವರೋ ಬಲಗೈಯವರೋ, ಕೂತು ಕೆತ್ತಿದರೋ ನಿಂತೋ? ಪುರಾತತ್ವದವರು ಮಾಡುವುದೂ ಬಹುಪಾಲು ಇದನ್ನೇ, ಕಸ ಓದುವುದು.

ನಮ್ಮ ನಂಬಿಕೆ, ದೇವರ ಬಗ್ಗೆ ಮಕ್ಕಳ ತಲೆ ಕೆಡಿಸುತ್ತೀರಾ?

ಯಾವ ನಂಬಿಕೆಯನ್ನೂ ಆಡಿಕೊಳ್ಳುವುದಿಲ್ಲ. ಒಂದು ಉದಾಹರಣೆ ಕೊಡುತ್ತೇವೆ, ನೀವೇ ನೋಡಿ. ಹಂಪಿ ಹತ್ತಿರದ ನಿಂಬಾಪುರದಲ್ಲಿ ಒಂದು ಬೂದಿ ದಿಬ್ಬವಿದೆ. ವಾಲಿಯನ್ನು ಸುಟ್ಟ ಜಾಗ ಅಂತ ಜನ ಹೇಳುತ್ತಾರೆ. ಇಂಥ ದಿಬ್ಬಗಳು ನಮ್ಮ ಕಡೆಯೂ ಇವೆ, ಸುರಪುರ ಸೀಮೆಯ ಬೂದಿಹಾಳದ್ದು ಹೆಸರಾಗಿದೆ. ಊರಿನ ಹೆಸರೇ ಸುಳಿವು ಕೊಡುತ್ತದೆ. ಅಗೆದು ನೋಡಿದವರು ಹೇಳುವುದು: ನವಶಿಲಾಯುಗದ ದನಗಾಹಿಗಳು ಕೊಟ್ಟಿಗೆಯ ಸಗಣಿಯನ್ನು ರಾಶಿ ಹಾಕಿ ಮತ್ತೆ ಮತ್ತೆ ಸುಟ್ಟದ್ದು. ನಾವು ಮಕ್ಕಳೆದುರು ಕುಳ್ಳು (ಬೆರಣಿ), ಕಟ್ಟಿಗೆ, ಜೋಳದ ದಂಟು ಮೂರನ್ನೂ ಬೇರೆ ಬೇರೆ ಸುಟ್ಟು ಬೂದಿಯ ಬಣ್ಣ, ತೂಕ ನೋಡುತ್ತೇವೆ. ಆಮೇಲೆ ಎರಡೂ ಕಥೆ ಹೇಳಿಸುತ್ತೇವೆ. ಯಾವ ಕಥೆಯನ್ನು ಬೂದಿಯಿಂದ ಪರೀಕ್ಷಿಸಬಹುದು, ಯಾವುದನ್ನು ಹಾಗೆ ಪರೀಕ್ಷಿಸಲು ಬಾರದು ಅನ್ನುವುದು ಮಕ್ಕಳಿಗೆ ನಮಗಿಂತ ಬೇಗ ಹೊಳೆಯುತ್ತದೆ. ವಾಲಿಯ ಕಥೆ ಹೇಳಿದ ಮುತ್ಯಾಗೂ ಚಪ್ಪಾಳೆ ಬೀಳುತ್ತದೆ.

ನಮ್ಮ ಹುಡುಗನಿಗೆ ಇಂಗ್ಲಿಷ್ ಬರುವುದಿಲ್ಲ. ನಮ್ಮ ಮನೆಯಲ್ಲಿ ಕನ್ನಡವೂ ಅಷ್ಟಕ್ಕಷ್ಟೆ.

ಇಂಗ್ಲಿಷ್ ಬೇಡ. ಕೂಟ ನಡೆಯುವುದು ಕಲಬುರಗಿ ಕನ್ನಡದಲ್ಲಿ. ದಖನಿ ಉರ್ದು, ಸೇಡಂ ಗುರುಮಠಕಲ್ ಕಡೆಯವರ ತೆಲುಗು, ಆಳಂದ ಔರಾದಿನ ಮರಾಠಿ, ತಾಂಡಾದ ಲಂಬಾಣಿ ಎಲ್ಲ ಒಂದೇ ಚಾಪೆಯ ಮೇಲೆ ಇರುತ್ತವೆ. ತೊಗರಿ, ತೂರ್, ಕಂದಿ ಮೂರೂ ಒಂದೇ ಕಾಳು ಅಂತ ಹೊಂದಿಸುವುದರಿಂದಲೇ ಆವತ್ತಿನ ಆಟ ಶುರುವಾಗುತ್ತದೆ. ಕಥೆ ಯಾವ ಭಾಷೆಯಲ್ಲಿ ಹೇಳಿದರೂ ಪಕ್ಕದವರು ಕನ್ನಡಕ್ಕೆ ತಿರುಗಿಸುತ್ತಾರೆ. ತಿರುಗಿಸುವಾಗ ಕಥೆ ಸ್ವಲ್ಪ ಬೆಳೆಯುತ್ತದೆ, ಅದಕ್ಕೆ ನಮ್ಮ ತಕರಾರಿಲ್ಲ.

ಪಿಎಚ್.ಡಿ. ಮಾಡಿದವರು ಡಾಕ್ಟರಾ? ಜ್ವರಕ್ಕೆ ಔಷಧ ಕೊಡುತ್ತಾರಾ?

ಇಲ್ಲ. ಆದರೂ ಪ್ರತಿ ಸಲ ಯಾರಾದರೊಬ್ಬರು ಮಂಡಿ ನೋವು ತೋರಿಸಿಯೇ ಹೋಗುತ್ತಾರೆ.

ಆಸಿಡ್, ಬೆಂಕಿ ಕೈಗೆ ಕೊಡುತ್ತೀರಾ?

ನಿಂಬೆರಸ, ಅಡುಗೆ ಸೋಡಾ, ಉಪ್ಪು, ಸೋಪು, ಮಣ್ಣು, ಬೇರು. ಇಷ್ಟರಲ್ಲೇ ನಮ್ಮ ಪ್ರಯೋಗಾಲಯ. ಬೆಂಕಿ, ಸೀಮೆಎಣ್ಣೆ, ಚಾಕು ದೊಡ್ಡವರ ಕೈಯಲ್ಲೇ ಇರುತ್ತವೆ. ಹತ್ತು ಮಕ್ಕಳಿಗೆ ಒಬ್ಬರು ದೊಡ್ಡವರು ಇಲ್ಲದಿದ್ದರೆ ಆ ದಿನ ಬರೀ ಕಥೆ, ಪ್ರಯೋಗವಿಲ್ಲ.

ಹೆಣ್ಣುಮಕ್ಕಳನ್ನು ಕಳಿಸಬಹುದಾ?

ಬರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಅವರೇ. ಸಂಶೋಧಕರಾಗಿ ಬರುವವರಲ್ಲೂ ಅಕ್ಕಂದಿರು ಬಹಳ. ಮುಗಿಯುವುದು ಮಧ್ಯಾಹ್ನದೊಳಗೆ, ಹಳ್ಳಿಯಿಂದ ಬಂದವರು ಬಸ್ಸು ಹತ್ತುವವರೆಗೆ ನಮ್ಮಲ್ಲೊಬ್ಬರು ಸ್ಟ್ಯಾಂಡಿನಲ್ಲಿ ಇರುತ್ತಾರೆ. ಪ್ರಶ್ನೆಯ ಹಿಂದಿನ ಚಿಂತೆ ನಮಗೆ ಗೊತ್ತು. ಅನುಮಾನವಿದ್ದರೆ ಒಂದು ಸಲ ನೀವೇ ಜೊತೆಗೆ ಬಂದು ಕೂತುಕೊಳ್ಳಿ. ಹಾಗೆ ಕೂತ ಅವ್ವಂದಿರು ಎರಡನೇ ಸಲ ಮಗಳನ್ನು ಪಕ್ಕಕ್ಕೆ ಸರಿಸಿ ತಾವೇ ಗಂಟು ಒಡೆಯುತ್ತಾರೆ.

ಬೇಸಿಗೆಯಲ್ಲಿ ಹೇಗೆ?

ಏಪ್ರಿಲ್, ಮೇ ತಿಂಗಳಲ್ಲಿ ಬೆಳಗ್ಗೆ 7ಕ್ಕೆ ಶುರು, 9ಕ್ಕೆ ಬಂದ್. ಬಿಸಿಲನ್ನೇ ಆವತ್ತಿನ ವಿಷಯ ಮಾಡಿಕೊಂಡದ್ದೂ ಉಂಟು: ತಗಡಿನ ಕೆಳಗೆ, ಬೇವಿನ ನೆರಳಿನಲ್ಲಿ, ಪರಸಿಯ ಮೇಲೆ, ಒದ್ದೆ ಗೋಣಿಚೀಲದ ಅಡಿಯಲ್ಲಿ ಒಂದೊಂದು ಥರ್ಮಾಮೀಟರ್. ಬೇವು ಮತ್ತು ಒದ್ದೆ ಗೋಣಿ ಇವೆರಡರಲ್ಲಿ ಯಾವುದು ಗೆಲ್ಲುತ್ತದೆ ಅಂತ ಪಂಥ ಕಟ್ಟುತ್ತಾರೆ. ಗಾಳಿ ಎಷ್ಟು ಒಣಗಿದೆ ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ.

ನಾನು ಸಂಶೋಧನಾ ವಿದ್ಯಾರ್ಥಿ. ಬರಬಹುದಾ? ಪಿಪಿಟಿ ತರಲಾ?

ಬನ್ನಿ. ಪಿಪಿಟಿ ತರಬೇಡಿ. ಒಬ್ಬರು ನಲವತ್ತು ಸ್ಲೈಡ್ ತಂದಿದ್ದರು. ಹನ್ನೊಂದನೆಯದಕ್ಕೆ ಕರೆಂಟ್ ಹೋಯಿತು, ಆಮೇಲೆ ಅವರು ಜೇಬಿನಿಂದ ಒಂದು ಕಾಳು ತೆಗೆದು ಮಾತಾಡಿದರಲ್ಲ, ಮಕ್ಕಳು ಈಗಲೂ ನೆನೆಯುವುದು ಅದನ್ನೇ. ನೀವು 1980ರಲ್ಲಿ ಶುರುವಾದ ಗುಲಬರ್ಗಾ ವಿಶ್ವವಿದ್ಯಾಲಯದವರಿರಲಿ, 2009ರಲ್ಲಿ ಬಂದ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದವರಿರಲಿ, ರಾಯಚೂರು ಕೃಷಿ ವಿಶ್ವವಿದ್ಯಾಲಯದ ಇಲ್ಲಿನ ಕೃಷಿ ಸಂಶೋಧನಾ ಕೇಂದ್ರದವರಿರಲಿ, ಮೂರು ತನ್ನಿ: ಮಗು ಮುಟ್ಟಬಹುದಾದ ಒಂದು ವಸ್ತು, ನಿಮಗೇ ಉತ್ತರ ಸಿಗದ ಒಂದು ಪ್ರಶ್ನೆ, ಮತ್ತು ಎಡವಿದ ಕಥೆ.

ಭೌತವಿಜ್ಞಾನ, ಗಣಿತದವರೇ ಬರಬೇಕೆಂದಿಲ್ಲ. ತತ್ವಪದ ಸಂಗ್ರಹಿಸುವವರು, ಮೊಹರಂ ಪದಗಳ ಮೇಲೆ ಕೆಲಸ ಮಾಡುವವರು, ಶಾಸನ ಓದುವವರೂ ಸಂಶೋಧಕರೇ. ಸನ್ನತಿ ಹತ್ತಿರದ ಕನಗನಹಳ್ಳಿಯಲ್ಲಿ ಸಿಕ್ಕ, ಅಶೋಕನ ಹೆಸರು ಕೊರೆದಿರುವ ಶಿಲ್ಪದ ಬಗ್ಗೆ ಹೇಳಿದ ದಿನ ಮಕ್ಕಳು ಆ ಕಾಲದ ಬ್ರಾಹ್ಮಿ ಲಿಪಿಯಲ್ಲಿ ತಂತಮ್ಮ ಹೆಸರು ಬರೆದುಕೊಂಡು ಹೋದರು. ಈಗ ಎರಡು ಶಾಲೆಗಳಲ್ಲಿ ಗುಟ್ಟಿನ ಚೀಟಿಗಳು ಬ್ರಾಹ್ಮಿಯಲ್ಲೇ ಓಡಾಡುತ್ತವೆ ಎಂದು ಶಿಕ್ಷಕರ ದೂರು ಬಂದಿದೆ.

ಮಗು ಕೇಳಿದ್ದಕ್ಕೆ ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ. ತೇಲಿಸಿದರೆ ಅವರಿಗೆ ತಕ್ಷಣ ತಿಳಿಯುತ್ತದೆ.

ಮನೆಯಲ್ಲೇ ಮಾಡುವಂಥದ್ದು ಏನಾದರೂ ಇದೆಯಾ?

ಯರಿ ಮಣ್ಣಿನ ಉಬ್ಬು ಅಳೆಯಿರಿ. ಒಣಗಿದ ಮಣ್ಣನ್ನು ಕುಟ್ಟಿ ಚಹಾ ಜರಡಿಯಲ್ಲಿ ಸೋಸಿ. ಒಂದೇ ಅಳತೆಯ ಎರಡು ಗಾಜಿನ ಬಾಟಲಿಗೆ ಸಮ ಸಮ ಹಾಕಿ, ಹೊರಗೆ ಪೆನ್ನಿನಿಂದ ಗೆರೆ ಎಳೆಯಿರಿ. ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ, ಅಂದರೆ ನಮ್ಮ ಚಿಮಣಿ ಎಣ್ಣೆ, ದೊಡ್ಡವರು ಹಾಕಲಿ. ಕಡ್ಡಿಯಿಂದ ಕದಡಿ ಗಾಳಿಗುಳ್ಳೆ ಬಿಡಿಸಿ, ಒಂದು ಹಗಲು ಒಂದು ರಾತ್ರಿ ಮುಟ್ಟಬೇಡಿ. ನೀರಿನಲ್ಲಿದ್ದ ಮಣ್ಣು ಗೆರೆ ದಾಟಿ ಮೇಲೆ ಬಂದಿರುತ್ತದೆ, ಎಣ್ಣೆಯಲ್ಲಿದ್ದದ್ದು ಇದ್ದಲ್ಲೇ. ಯರಿ ಮಣ್ಣಿನ ಜೇಡಿಯ ಕಣಗಳು ಹಾಳೆಗಳ ಕಟ್ಟಿನಂತಿವೆ. ನೀರು ಹಾಳೆಗಳ ನಡುವೆ ನುಗ್ಗುತ್ತದೆ, ಸೀಮೆಎಣ್ಣೆ ನುಗ್ಗಲಾರದು. ಕಟ್ಟಡ ಕಟ್ಟುವ ಮೊದಲು ಎಂಜಿನಿಯರುಗಳು ಮಾಡುವ ಪರೀಕ್ಷೆಯೂ ಇದೇ. ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು ಬಿಡುವ ಹೊಲ, ಮಳೆಗಾಲದಲ್ಲಿ ಬಾಗಿಲು ಹಾಕಲು ಬಾರದಂತೆ ಏಳುವ ಮನೆಯ ಗೋಡೆ, ಎರಡಕ್ಕೂ ಕಾರಣ ಆ ಬಾಟಲಿಯಲ್ಲಿದೆ. ಮಸಾರಿ (ಕೆಂಪು) ಮಣ್ಣಿನಲ್ಲೂ ಮಾಡಿ ಹೋಲಿಸಿ.

ನಮ್ಮ ಶಾಲೆಯಲ್ಲೂ ನಡೆಸಬಹುದಾ?

ನಡೆಸಿ, ನಮ್ಮನ್ನು ಕಾಯಬೇಡಿ. ಒಂದು ಬಕೆಟ್, ಒಂದು ಗಿಡ, ಕೇಳುವ ಒಬ್ಬರು ದೊಡ್ಡವರು ಇದ್ದರೆ ಆಯಿತು. ಕಲಬುರಗಿಯ ಜಿಲ್ಲಾ ವಿಜ್ಞಾನ ಕೇಂದ್ರಕ್ಕೆ ಮಕ್ಕಳನ್ನು ಕರೆದೊಯ್ಯುವುದಿದ್ದರೆ ಹೋಗುವ ಮುಂಚೆ ಈ ಪ್ರಯೋಗಗಳಲ್ಲಿ ಒಂದನ್ನಾದರೂ ಮಾಡಿಸಿ. ಗುಂಡಿ ಒತ್ತಿ ಓಡುವ ಬದಲು ನಿಂತು ನೋಡುತ್ತಾರೆ.

ಉತ್ತರ ಸಿಗದ ಪ್ರಶ್ನೆಗಳು ಏನಾಗುತ್ತವೆ?

ಗಂಜ್ ಮಾರುಕಟ್ಟೆಯ ಅಂಗಡಿಯಿಂದ ತಂದ ಕೆಂಪು ರಟ್ಟಿನ ಖಾತೆ ಪುಸ್ತಕವಿದೆ. ಅಡತಿ ಅಂಗಡಿಯವರು ಬಾಕಿ ಬರೆಯುವಂಥದ್ದು. ಎಡಗಡೆ ಪ್ರಶ್ನೆ, ಕೇಳಿದವರ ಹೆಸರು, ತಾರೀಖು, ಬಲಗಡೆ ಖಾಲಿ. ಯಾರಾದರೂ ಉತ್ತರ ತಂದರೆ ಬಲಗಡೆ ಬರೆದು, ತಂದವರು ಸಹಿ ಹಾಕುತ್ತಾರೆ. ಹೋದ ಸಲದ ಕೊನೆಯ ಬಾಕಿ: "ತೊಗರಿ ಗಂಟಿನಾಗಿನ ಬ್ಯಾಕ್ಟೀರಿಯಾಕ್ಕ ನೆಟೆ ರೋಗ ಬರ್ತದೇನು?" ಬಲಗಡೆ ಇನ್ನೂ ಖಾಲಿ ಇದೆ.

ಬರುವಾಗ ಏನು ತರಬೇಕು?

ನೀರಿನ ಬಾಟಲಿ, ಹಳೆಯ ಬಟ್ಟೆ, ನಿಮ್ಮ ಹೊಲದ್ದೋ ಅಂಗಳದ್ದೋ ಒಂದು ಹಿಡಿ ಮಣ್ಣು. ಎಲ್ಲಿಯದು ಅಂತ ಚೀಟಿ ಬರೆದು ಪೊಟ್ಟಣದೊಳಗೆ ಹಾಕಿ. ಚೀಟಿ ಇಲ್ಲದ ಮಣ್ಣನ್ನು ಸಂಶೋಧಕರು ಮುಟ್ಟುವುದಿಲ್ಲ.